ಕತ್ತೆ ಉದ್ಘಾಟಿಸಿದ ಸೇತುವೆ

ಹೇಳಿದರೆ ಅದು ಚಾಡಿಯಾಗುತ್ತದೆಯೋ, ಬರಿಯ ಸತ್ಯವಾಗುತ್ತದೆಯೋ? ಸರ್ಕಾರದ ಸೊತ್ತು ಎಲ್ಲಿದೆ ಎಂದು ಸರ್ಕಾರದ ಸಂಬಳ ತಿನ್ನುವವನು ಹೇಳಿದರೆ ತಪ್ಪೇನು? ತಪ್ಪಿಲ್ಲದಿದ್ದರೆ ನಾಲಗೆ ಯಾಕೆ ಒಣಗುತ್ತಿದೆ? ಹೋಗಲಿ, ಹೇಳದೆ ಬಂದರೆ ಅದನ್ನು ಊರಿನ ಮೇಲಿನ ನಿಷ್ಠೆ ಎನ್ನಬೇಕೋ, ಹುಟ್ಟಿದಾಗಿನಿಂದ ಬಾಯಿಗೆ ಅಂಟಿಕೊಂಡ ಹೇಡಿತನ ಎನ್ನಬೇಕೋ?

ಅರಸೀಕೆರೆಯಲ್ಲಿ ಹತ್ತಿದ ಬಸ್ಸು ಜಾವಗಲ್ಲು ದಾಟುವವರೆಗೂ ಪಾರ್ಥಸಾರಥಿ ಇದನ್ನೇ ಅರೆಯುತ್ತ ಕುಳಿತಿದ್ದ. ಹಳೇಬೀಡು ಹತ್ತಿರವಾಗುತ್ತಿದ್ದಂತೆ ಬಸ್ಸಿನ ಕುಲುಕಾಟ ನಿಂತುಹೋಯಿತು. ಕಿಟಕಿಯಿಂದ ತಲೆ ಹಾಕಿ ನೋಡಿದ. ಹೊಸ ಟಾರು, ಇನ್ನೂ ವಾಸನೆ ಆರಿರಲಿಲ್ಲ. ಯಾರೋ ಪರದೇಶದ ದೊಡ್ಡ ಮನುಷ್ಯರು ಗುಡಿ ನೋಡಲು ಬರುತ್ತಾರಂತೆ. ಅವರ ಕಾರು ಕುಲುಕಬಾರದು.

ಅವನನ್ನು ಅಲ್ಲಿಗೆ ಕರೆಸಿದವರು ಅರಸೀಕೆರೆಯ ತೆಂಗಿನಕಾಯಿ ಮಂಡಿಯ ಸಾಹುಕಾರರು, ಅರವತ್ತೆರಡರ ಚುನಾವಣೆಯಲ್ಲಿ ಗೆದ್ದು ಒಂದು ತಿಂಗಳ ಹಿಂದಷ್ಟೇ ಶಾಸಕರಾದ ರೇವಣಸಿದ್ದಪ್ಪನವರು. ಹಳೇಬೀಡು ಅವರ ಕ್ಷೇತ್ರವಲ್ಲ. ಆದರೆ ಅತಿಥಿಗಳ ಜೊತೆ ಮಂತ್ರಿಗಳು ಬರುತ್ತಾರೆ, ಮಂತ್ರಿಗಳ ಕಣ್ಣಿಗೆ ಬಿದ್ದರೆ ಉಪಮಂತ್ರಿಯಾಗಬಹುದು. ಹಾಗಾಗಿ ಸ್ವಾಗತ ಸಮಿತಿಗೆ ತಾವೇ ಅಧ್ಯಕ್ಷರಾಗಿ ಪ್ರವಾಸಿ ಬಂಗಲೆಯಲ್ಲಿ ಬೀಡುಬಿಟ್ಟಿದ್ದರು.

ಪಾರ್ಥಸಾರಥಿಯ ಊರು ಬೇಲೂರು. ತಂದೆ ದೇವಸ್ಥಾನದಲ್ಲಿ ಪರಿಚಾರಕರು. ಮೈಸೂರಿಗೆ ಹೋಗಿ ಬಿ.ಎ. ಮಾಡಿ ಬಂದವನಿಗೆ ಕೆಲಸ ಸಿಕ್ಕಿದ್ದು ಗಂಡಸಿ ಹೋಬಳಿಯ ತೊರೆಕೊಪ್ಪಲಿನ ಶಾಲೆಯಲ್ಲಿ. ಅವನು ಅಲ್ಲಿ ಶಾಲೆಯ ಪಕ್ಕದ ಕೋಣೆಯಲ್ಲಿ ಅನ್ನ ಬೇಯಿಸಿಕೊಳ್ಳುತ್ತಿದ್ದ. ಬಸುರಿ ಹೆಂಡತಿ ಆಂಡಾಳ್ ಬೇಲೂರಿನಲ್ಲಿ ಅತ್ತೆಯ ಜೊತೆ ಇದ್ದಳು. ಬೇಲೂರಿಗೆ ವರ್ಗವಾದರೆ ಸಾಕು ಎಂದು ಹಂಬಲಿಸುತ್ತಿದ್ದ. ಪ್ರಚಾರಕ್ಕೆ ಬಂದ ರೇವಣಸಿದ್ದಪ್ಪನವರು ಅದನ್ನು ಯಾರಿಂದಲೋ ತಿಳಿದುಕೊಂಡು, ಅವನ ಬೆನ್ನು ತಟ್ಟಿ, "ಗೆದ್ದ ಮಾರನೇ ದಿನ ಬೇಲೂರು ಅಂದ್ಕಳಿ ಮೇಷ್ಟ್ರೇ" ಎಂದಿದ್ದರು. ಗೆದ್ದ ಮಾರನೆಯ ದಿನ ಬಂತು, ಹೋಯಿತು. ಈಗ ಕರೆ ಬಂದಿತ್ತು. ಕರೆ ಯಾತಕ್ಕೆ ಎಂಬುದೂ ಅವನಿಗೆ ಗೊತ್ತಿತ್ತು. ಕಂಬಗಳಿಗಾಗಿ.

ತೊರೆಕೊಪ್ಪಲಿಗೂ ರಸ್ತೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಎದೆಮಟ್ಟ ನೀರು, ಬೇಸಗೆಯಲ್ಲಿ ಗಾಲಿ ನುಂಗುವ ಮರಳು. ಗಾಡಿ ದಾಟುವುದಿಲ್ಲವಾದ್ದರಿಂದ ಊರಿನ ತೆಂಗಿನಕಾಯಿಗೆ ಹಳ್ಳದ ಈಚೆ, ಊರಿನ ಕಡೆ, ಒಂದು ಬೆಲೆ, ಆಚೆ, ರಸ್ತೆಯ ಕಡೆ, ಒಂದು ಬೆಲೆ. ಈಚೆ ದಡದಲ್ಲಿ ಅರ್ಧ ಬೆಲೆಗೆ ಕೊಳ್ಳುವವರೂ ಆಚೆ ದಡದಲ್ಲಿ ಪೂರ್ತಿ ಬೆಲೆಗೆ ಮಾರುವವರೂ ರೇವಣಸಿದ್ದಪ್ಪನವರ ಮಂಡಿಯವರೇ. ಊರಿನವರು ಓಟು ಕೇಳಲು ಬಂದವರನ್ನೆಲ್ಲ ಸೇತುವೆ ಕೇಳಿದ್ದರು. ಇವರನ್ನೂ ಕೇಳಿದರು.

"ಸೇತುವೆ ಯಾವ ಮಹಾ! ದೀಪಾನೇ ಹಾಕುಸ್ತೀನಿ" ಎಂದರು ರೇವಣಸಿದ್ದಪ್ಪನವರು. ಊರಿನ ನೆತ್ತಿಯ ಮೇಲೆ ಕರೆಂಟಿನ ದೊಡ್ಡ ತಂತಿಗಳು ಬೆಂಗಳೂರಿನ ಕಡೆಗೆ ಹಾದುಹೋಗಿ ವರ್ಷಗಳಾಗಿದ್ದವು. ಗಾಳಿ ಬೀಸಿದರೆ ಗುಂಯ್ ಎನ್ನುತ್ತಿದ್ದವು. ಕೊಪ್ಪಲಿಗೆ ದಕ್ಕಿದ್ದು ಆ ಗುಂಯ್ ಒಂದೇ. ಓಟಿನ ಹಿಂದಿನ ದಿನ ಒಂದು ಲಾರಿ ಬಂದು, ಟಾರು ಬಳಿದ ಮರದ ಕಂಬಗಳನ್ನು ಹಳ್ಳದ ದಡದಲ್ಲಿ ದಡದಡನೆ ಉರುಳಿಸಿ ಹೋಯಿತು.

ಊರಿನ ಹಿರಿಯ ಲಕ್ಕಪ್ಪ ಕಂಬಗಳನ್ನು ಒಂದು ಸುತ್ತು ಹಾಕಿ, ಎಲೆಯಡಿಕೆ ಉಗಿದು ಹೇಳಿದ: "ಓಟಿನ ಹಿಂದ್ಲ ದಿನ ಬಂದದ್ದು ಓಟಿನ ಮಾರ್ನೆ ದಿನ ಹೋಯ್ತದೆ ಕಣ್ರಲಾ. ಈ ನನ್ಮಗ ದೀಪ ಕೊಡಾಕಿಲ್ಲ. ಕಂಬನಾದ್ರೂ ಇಟ್ಕಳವ."

ಮಾರನೆಯ ದಿನ ಅಧಿಕಾರಿಗಳೆಲ್ಲ ಓಟಿನ ಪೆಟ್ಟಿಗೆ ಕಾಯುತ್ತಿದ್ದ ಹಾಡುಹಗಲಿನಲ್ಲೇ ಊರು ಹಳ್ಳಕ್ಕೆ ಇಳಿಯಿತು. ಹಳ್ಳ ಕಿರಿದಾಗುವಲ್ಲಿ ಎರಡೂ ದಡಕ್ಕೆ ಕಲ್ಲು ಕಟ್ಟಿ, ಕಂಬಗಳನ್ನು ಅಡ್ಡಡ್ಡ ಮಲಗಿಸಿ, ತೆಂಗಿನ ಗರಿ ಹಾಸಿ, ಮೇಲೆ ಮಣ್ಣು ಬಡಿದರು. ಅಷ್ಟೆ. ಆ ವಾರವೇ ಕೊಪ್ಪಲಿನ ಗಾಡಿಗಳು ಕಾಯಿ ತುಂಬಿಕೊಂಡು ತಾವೇ ಅರಸೀಕೆರೆಗೆ ಹೋದವು, ಬೇರೆ ಮಂಡಿಗೆ. ಪೂರ್ತಿ ಬೆಲೆ ತಂದವು. ರುದ್ರಮ್ಮ ಎಂಬ ಮುದುಕಿ, ದಿನವೂ ಮೇಷ್ಟರಿಗೆ ಮಜ್ಜಿಗೆ ಕೊಡುತ್ತಿದ್ದವಳು, ಅಂದು ಬೆಣ್ಣೆಯನ್ನೇ ತಂದುಕೊಟ್ಟಳು.

ಲಕ್ಕಪ್ಪನ ಮಾತು ಸುಳ್ಳಾಗಲಿಲ್ಲ. ಅತಿಥಿಗಳು ಬರುವ ಗುಡಿಗೆ ದೀಪ ಹಾಕಿಸಬೇಕು, ಕೊಪ್ಪಲಿನ ಕಂಬ ಹಳೇಬೀಡಿಗೆ ಹೋಗಬೇಕು ಎಂದು ಹುಕುಂ ಬಂತು. ಸುದ್ದಿ ಕೇಳಿ ರುದ್ರಮ್ಮ, "ಕಲ್ಲಿನ ಹೆಂಗಸ್ರಿಗೆ ದೀಪವಂತೆ. ನಾವು ಹೆರೋದೂ ಕತ್ಲಾಗೇ" ಎಂದಳು. ಕಂಬ ಹುಡುಕಿಕೊಂಡು ಬಂದ ಲೈನ್‌ಮನ್ನು ಆ ಕಂಬಗಳ ಮೇಲೆಯೇ ನಡೆದು ಊರೊಳಕ್ಕೆ ಬಂದ. "ಗೆದ್ಲು ತಿಂದ್ವು ಸ್ವಾಮಿ" ಎಂದ ಒಬ್ಬ. "ಇಲ್ಲ ಸ್ವಾಮಿ, ಗೆದ್ದೋರು ತಿಂದ್ರು" ಎಂದ ಇನ್ನೊಬ್ಬ. ಲೈನ್‌ಮನ್ನು ಬೆವರು ಒರೆಸಿಕೊಂಡು, ಕಂಬಗಳ ಮೇಲೆಯೇ ನಡೆದು ವಾಪಸು ಹೋದ.

ಅವನ ಬೆನ್ನು ಮರೆಯಾಗುತ್ತಲೂ ಊರಿಗೆ ನಗೆ ಹತ್ತಿಕೊಂಡಿತು. ಸೇತುವೆ ಅಂದ ಮೇಲೆ ಉದ್ಘಾಟನೆ ಆಗಬೇಡವೇ? ಅಗಸರ ಕತ್ತೆಯನ್ನು ಹಿಡಿದು ತಂದರು. ತಲೆಗೆ ಪೇಟ, ಮೈಗೆ ಶಾಲು, ಕೊರಳಿಗೆ ಕಣಗಿಲೆ ಹಾರ. ಲಕ್ಕಪ್ಪ ಅದರ ಪಕ್ಕದಲ್ಲಿ ನಿಂತು, ಹೊಟ್ಟೆ ಮುಂದೆ ಮಾಡಿ, ಸಾಕ್ಷಾತ್ ರೇವಣಸಿದ್ದಪ್ಪನವರ ದನಿಯಲ್ಲಿ ಭಾಷಣ ಹೊಡೆದ: "ಮಹಾಜನಗಳೇ! ಈ ಹಳ್ಳ ನಿಮ್ದು! ಈ ಮರಳು ನಿಮ್ದು! ಹೂತ್ಕಂಡ ಗಾಡೀನೂ ನಿಮ್ದೇ! ನಂದು ಅಂತ ಏನೈತೆ? ಬರೀ ನಿಮ್ಮ ಕಾಯಿ!" ಕತ್ತೆ ಸೇತುವೆಗೆ ಅಡ್ಡ ಕಟ್ಟಿದ್ದ ದಾರ ಹರಿದು ಮುಂದೆ ಹೋಗಿ, ಸೇತುವೆಯ ನಡುವೆ ನಿಂತು ಒರಲಿತು. "ನೋಡ್ರಪ್ಪಾ, ಇಷ್ಟು ದಿನಕ್ಕೆ ಇವರ ಪೈಕಿ ಒಬ್ಬ ಬಂದು ಕಷ್ಟ ಸುಖ ಮಾತಾಡ್ದ" ಎಂದು ರುದ್ರಮ್ಮ ಅದಕ್ಕೆ ಆರತಿ ಎತ್ತಿದಳು. ಮರದ ಕೆಳಗೆ ನಿಂತು ನೋಡುತ್ತಿದ್ದ ಪಾರ್ಥಸಾರಥಿಗೂ ನಗು ತಡೆಯಲಾಗಲಿಲ್ಲ. ಆ ಊರಿಗೆ ಬಂದಮೇಲೆ ಅವನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು.

ಬಸ್ಸು ಹಳೇಬೀಡಿನಲ್ಲಿ ನಿಂತಿತು.

ಬಂಗಲೆಯ ಜಗಲಿಯಲ್ಲಿ ರೇವಣಸಿದ್ದಪ್ಪನವರು ಬೆತ್ತದ ಕುರ್ಚಿ ತುಂಬ ಕುಳಿತು ಹಲಸಿನ ಹಪ್ಪಳ ಮುರಿಯುತ್ತಿದ್ದರು.

"ಬನ್ನಿ ಮೇಷ್ಟ್ರೇ, ಕೂತ್ಕಳಿ. ಕಾಫಿ ತಗಳಿ. ನಿಮ್ಮೂರಾಗೆ ನಮ್ಮ ಕಂಬ ಇದ್ವಲ್ಲ, ಏನಾದ್ವು?"

ಪಾರ್ಥಸಾರಥಿ ಕುಳಿತು ಕಾಫಿಯ ಲೋಟ ತೆಗೆದುಕೊಂಡ.

"ಗೆದ್ಲು ತಿಂದ್ವಂತೆ. ಟಾರು ಬಳ್ದಿರೋ ಕಂಬ! ಆ ಜನ ಎಂಥೋರು ಗೊತ್ತಾ ನಿಮ್ಗೆ? ಕೊಟ್ರೆ ತಿಂತಾರೆ, ಕೊಟ್ಟೋನ್ನ ಬೈತಾರೆ. ನೀವು ಓದಿದೋರು. ಹೊರದೇಶದೋರು ಬಂದಾಗ ಗುಡಿ ಕತ್ಲಾಗಿದ್ರೆ ಮಾನ ಯಾರ್ದು ಹೋಯ್ತದೆ? ನಮ್ಮೆಲ್ಲಾರ್ದೂ ಅಲ್ವ್ರಾ?"

ಪಾರ್ಥಸಾರಥಿ ಕಾಫಿಯ ಲೋಟವನ್ನೇ ನೋಡುತ್ತಿದ್ದ. ಈ ಮನುಷ್ಯನ ಮೇಲೆ ಅವನಿಗಿದ್ದ ತಿರಸ್ಕಾರ ಎಷ್ಟೆಂದರೆ ಅದನ್ನು ಮುಖದ ಮೇಲೆ ತರುವುದೂ ದಂಡ ಅನ್ನಿಸುತ್ತಿತ್ತು. ಆದರೂ ಆಂಡಾಳ್ ನೆನಪಾಗುತ್ತಿದ್ದಳು. ಇಲ್ಲಿಂದ ಬೇಲೂರು ಹತ್ತೇ ಮೈಲಿ.

"ಓಹೋ" ಎಂದರು ರೇವಣಸಿದ್ದಪ್ಪನವರು ನಿಧಾನವಾಗಿ. "ಬಾಯಿಗೆ ಬೆಲೆ ಕೇಳ್ತಾ ಇದೀರಿ. ತಪ್ಪಲ್ಲ ಬಿಡಿ, ನಾನೂ ವ್ಯಾಪಾರಸ್ಥ. ಬೇಲೂರು ತಾನೆ? ಕೊಟ್ಟೆ. ಈಗ ಹೇಳಿ."

ನಾಲಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಅದು "ಹಳ್ಳ" ಎಂದಿತ್ತೋ "ಗೊತ್ತಿಲ್ಲ" ಎಂದಿತ್ತೋ ಪಾರ್ಥಸಾರಥಿಗೆ ಆಮೇಲೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಏಕೆಂದರೆ ಅಷ್ಟರಲ್ಲಿ ಒಂದು ಜೀಪು ಬಂದು ನಿಂತು, ಅದರಿಂದ ಶಾಸಕರ ಬಲಗೈ ಗಂಗಾಧರಯ್ಯ ಏದುತ್ತ ಇಳಿದ.

"ಅಣ್ಣಾವ್ರೇ, ಸಿಕ್ತು! ಗಂಡಸಿ ಸಂತೇಲಿ ಬಾಯಿಬಾಯಿ ಮೇಲೆ ಅದೇ ಮಾತು. ಕಂಬ ಹಳ್ಳಕ್ಕೆ ಹಾಕಿ ಸೇತುವೆ ಮಾಡ್ಕಂಡವ್ರೆ. ಅದ್ನ ಉದ್ಘಾಟ್ನೆ ಬೇರೆ ಮಾಡವ್ರೆ..." ಅಷ್ಟು ಹೇಳಿ ಅವನು ಮಾತು ನುಂಗಿದ.

"ಯಾರ ಕೈಲಿ?"

"ಕತ್ತೆ ಕೈಲಿ."

ರೇವಣಸಿದ್ದಪ್ಪನವರು ಹಪ್ಪಳ ಕೆಳಗಿಟ್ಟರು. "ಬರೀ ಕತ್ತೆನಾ?"

"ಪೇಟ ಇತ್ತಂತೆ. ಶಾಲೂ ಇತ್ತಂತೆ."

"ಯಾವ ಶಾಲು?"

"ಪ್ರಚಾರಕ್ಕೋದಾಗ ತಾವೇ ಲಕ್ಕಪ್ಪಂಗೆ ಹೊದಿಸಿದ್ರಲ್ಲ, ಅದೇಯ."

ಪಾರ್ಥಸಾರಥಿಗೆ ಮತ್ತೆ ನಗು ಬಂತು, ಕಾಫಿ ಕುಡಿದು ಅದನ್ನು ಒಳಗೆ ತಳ್ಳಿದ.

"ಲಾರಿ ಕಳಿಸು, ಪೊಲೀಸ್ನೋರ್ನೂ ಕರ್ಕಂಡು ಹೋಗು" ಎಂದರು ರೇವಣಸಿದ್ದಪ್ಪನವರು. ಆಮೇಲೆ ಮೇಷ್ಟರ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಸಿಟ್ಟು ಇರಲಿಲ್ಲ. ಕಾಯಿಯ ರಾಶಿ ನೋಡಿ ಬೆಲೆ ಕಟ್ಟುವ ನೋಟವಿತ್ತು. "ಗಂಗಾಧರಯ್ಯ, ಸಂತೇಲಿ ಕೇಳಿದ್ದು ಅನ್ನಬ್ಯಾಡ. ಮೇಷ್ಟ್ರು ಹೇಳಿದ್ರು ಅನ್ನು. ಕತ್ತೆ ಸುದ್ದಿ ನನ್ನ ಕಿವಿಗೆ ಬಿತ್ತು ಅಂದ್ರೆ ಇನ್ನಾ ನಗ್ತಾರೆ ನನ್ಮಕ್ಳು. ಮೇಷ್ಟ್ರು ಹೇಳಿದ್ರು ಅಂದ್ರೆ ಒಬ್ಬನೂ ನಗಾಕಿಲ್ಲ."

"ನಾನು ಏನೂ ಹೇಳಲಿಲ್ಲವಲ್ಲ" ಎಂದ ಪಾರ್ಥಸಾರಥಿ. ಅಲ್ಲಿ ಕುಳಿತ ಮೇಲೆ ಅವನಾಡಿದ ಮೊದಲ ಮಾತು ಅದು.

"ಹೇಳ್ಲಿಲ್ಲ. ಅದಕ್ಕೇ ಬೇಲೂರು. ಹೇಳೋರು ನಾಳೆ ಇನ್ನೊಬ್ರ ಮುಂದೂ ಹೇಳ್ತಾರೆ. ನಿಮ್ಮಂಥ ಬಾಯಿ ಸತ್ತೋರು ಬೇಕು ಕಣ್ರೀ ನಮಗೆ."

ಎದ್ದು ಲೋಟ ಬಿಸಾಕಬಹುದಿತ್ತು. ಅದರ ಬದಲು ಲೋಟವನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ನಮಸ್ಕಾರ ಹೇಳಿ ಹೊರಟ. ಆ ನಮಸ್ಕಾರಕ್ಕಾಗಿ ಅವನು ತನ್ನನ್ನು ತಾನು ಕ್ಷಮಿಸಲಿಲ್ಲ.

ಬೇಲೂರಿನಲ್ಲಿ ಒಂದು ರಾತ್ರಿ ಕಳೆದು ಮಾರನೆಯ ದಿನ ಕೊಪ್ಪಲಿಗೆ ಬಂದಾಗ ಹಳ್ಳ ಬಾಯಿ ತೆರೆದುಕೊಂಡು ಬಿದ್ದಿತ್ತು. ದಡದ ಕಲ್ಲುಗಳನ್ನು ಕೂಡ ಕಿತ್ತು ಚೆಲ್ಲಿದ್ದರು. ಕಾಯಿ ತುಂಬಿದ ಒಂದು ಗಾಡಿ ಅಚ್ಚಿನವರೆಗೂ ಮರಳಿನಲ್ಲಿ ಹೂತು ನಿಂತಿತ್ತು. ಊರಿನ ಕಡೆಯ ದಡದಲ್ಲಿ ಮಂಡಿಯ ಮನುಷ್ಯನೊಬ್ಬ ಆಗಲೇ ಬಂದು ಅರ್ಧ ಬೆಲೆಗೆ ಕಾಯಿ ಎಣಿಸುತ್ತಿದ್ದ.

"ಬಂದ್ರಾ ಮೇಷ್ಟ್ರೇ?" ಎಂದ ಲಕ್ಕಪ್ಪ, ಗಾಲಿಗೆ ಭುಜ ಕೊಟ್ಟವನು ತಲೆ ಎತ್ತದೆ. "ಪಂಚೆ ಎತ್ಕಂಡು ದಾಟ್ರಿ. ಸೇತುವೆ ಇಲ್ಲ, ಮಾರ್ಬುಟ್ರಂತೆ."

ಸುತ್ತ ನಿಂತವರಲ್ಲಿ ಯಾರೂ ನಗಲಿಲ್ಲ.

"ನಾವು ಮೇಷ್ಟ್ರನ್ನ ನಂಬಿದ್ದು ತಪ್ಪು" ಎಂದ ಒಬ್ಬ.

"ನಾವೆಲ್ಲಿ ನಂಬಿದ್ವಲಾ?" ಎಂದ ಲಕ್ಕಪ್ಪ. "ಬಿಳೀ ಬಟ್ಟೆ ಹಾಕ್ಕಂಡೋರ್ನ ಯಾರ್ನ ನಂಬಿದ್ವಿ, ಇವರ್ನ ನಂಬಕ್ಕೆ? ಏನೂ ಕಳ್ಕಂಡಿಲ್ಲ, ನೂಕು."

ರುದ್ರಮ್ಮ ಮಾತ್ರ ಹತ್ತಿರ ಬಂದಳು. ಬೈಯುತ್ತಾಳೆ ಎಂದು ಪಾರ್ಥಸಾರಥಿ ಕಾದ. "ಹೆಂಡ್ರು ಚೆಂದಾಗವ್ಳಾ?" ಎಂದಳು. "ಹೋಗ್ಲಿ ಬಿಡ್ರಪ್ಪಾ. ಓದಿದೋರು, ಹೊಟ್ಟೆಪಾಡು." ಆ ದಿನದಿಂದ ಮಜ್ಜಿಗೆ ಬರಲಿಲ್ಲ.

ಹೇಳಲು ಎಷ್ಟೊಂದು ಸಲ ಎದ್ದು ನಿಂತ. ಹೇಳಬೇಕಾದದ್ದು ಒಂದೇ ವಾಕ್ಯ. ಆದರೆ ಒಂದು ಸಂಜೆ ಮಾಲೇಕಲ್ಲಿನ ದೇವರಿಗೆ ಹರಕೆ ಹೊತ್ತು ಹೋಗುತ್ತಿದ್ದ ಪರವೂರಿನ ಬಳಗದವರು ಶಾಲೆಯ ಜಗಲಿಯಲ್ಲಿ ಕುಳಿತಾಗ, ಲಕ್ಕಪ್ಪ ಅವರಿಗೆ ಕತ್ತೆಯ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೊಟ್ಟೆ ಹಿಡಿದು ನಕ್ಕರು. ಊರಿನವರು ಕೂಡ, ಎಷ್ಟೋ ಸಲ ಕೇಳಿದ್ದವರು, ಮತ್ತೆ ನಕ್ಕರು. ಕೋಣೆಯೊಳಗೆ ಕುಳಿತಿದ್ದ ಪಾರ್ಥಸಾರಥಿ ಆ ನಗುವನ್ನು ಕೇಳಿಸಿಕೊಂಡ. ಸೇತುವೆ ಹೋಯಿತು, ಕಂಬ ಹೋಯಿತು, ಬೆಲೆ ಹೋಯಿತು. ಇವರ ಕೈಯಲ್ಲಿ ಉಳಿದದ್ದು ಆ ಕತ್ತೆಯೊಂದೇ. ಆ ನಗೆಯೇ ಸಂತೆಗೆ ಹೋಗಿ ಸೇತುವೆಯನ್ನು ಹಿಡಿದುಕೊಟ್ಟಿತು ಎಂದು ಹೇಳಿ ಅದನ್ನೂ ಕಿತ್ತುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಅಥವಾ, ಹೇಳಿದರೂ ಇವರು ನಂಬುವುದಿಲ್ಲ ಎಂಬ ಅಹಂಕಾರವೇ ಅವನ ಬಾಯಿ ಕಟ್ಟಿತೋ ಏನೋ.

ವರ್ಗದ ಹುಕುಂ ಶಾಲೆಗೆ ರಜ ಬಿಡುವ ಮೊದಲೇ ಬಂತು. ಬೇಲೂರಿಗೇ. ಇನ್ನು ಯಾರಿಗೂ ಅನುಮಾನ ಉಳಿಯಲಿಲ್ಲ. ಅವನು ಅದನ್ನು ಹಿಂದಿರುಗಿಸಲೂ ಇಲ್ಲ. ಟ್ರಂಕು ಹೊತ್ತು ಹಳ್ಳ ದಾಟಿಸಲು ಊರಿನಲ್ಲಿ ಒಬ್ಬನೂ ಬರದಿದ್ದುದರಿಂದ ತಾನೇ ತಲೆಯ ಮೇಲಿಟ್ಟುಕೊಂಡು ಮರಳಿಗೆ ಇಳಿದ. ಗಾಡಿಯವರು ತಮ್ಮ ಪಾಡಿಗೆ ತಾವು ಎತ್ತುಗಳನ್ನು ಬೈಯುತ್ತಿದ್ದರು.

ಸುದ್ದಿ ಹೊರಟದ್ದು ಗಂಡಸಿಯ ಸಂತೆಯಿಂದ, ತನ್ನ ಬಾಯಿಂದ ಅಲ್ಲ ಎಂದು ಪಾರ್ಥಸಾರಥಿ ಆ ಊರಿನಲ್ಲಿ ಯಾರಿಗೂ ಹೇಳಲಿಲ್ಲ.