ಪರೀಕ್ಷೆಗೆಂದು ತಡೆದಿಟ್ಟ ಹೃದಯ

ವಿಶ್ವವಿದ್ಯಾಲಯದ ಆ ಆಸ್ಪತ್ರೆಯನ್ನು ಲಿಮಾದ ಜನ ದೊಡ್ಡಾಸ್ಪತ್ರೆ ಎಂದೇ ಕರೆಯುತ್ತಿದ್ದರು. ಬೇರೆ ಕಡೆ ಕೈಚೆಲ್ಲಿದ ಕಾಯಿಲೆ ಅಲ್ಲಿ ವಾಸಿಯಾಗುತ್ತದೆ ಎಂಬ ಮಾತಿತ್ತು, ಆ ಮಾತು ಸುಳ್ಳೂ ಆಗಿರಲಿಲ್ಲ. ಅದನ್ನು ನಂಬಿಯೇ ಸಾಬಿನಾ ವಿಲ್ಕಾ ಬಂದು ಹೆಂಗಸರ ವಾರ್ಡಿನ ಹದಿನಾಲ್ಕನೇ ಮಂಚದಲ್ಲಿ ಮಲಗಿದ್ದಳು.

ಬೆಟ್ಟದ ಸೀಮೆಯಲ್ಲಿ ಹುಟ್ಟಿದವಳು. ಚಿಕ್ಕಂದಿನ ಜ್ವರವೊಂದು ಹೃದಯದ ಕವಾಟವನ್ನು ಸದ್ದಿಲ್ಲದೆ ಕೆಡಿಸಿಟ್ಟು, ಐವತ್ತೆರಡನೇ ವಯಸ್ಸಿನಲ್ಲಿ ತನ್ನ ಕೆಲಸ ತೋರಿಸಿತ್ತು. ನ್ಯಾಯಾಲಯದ ಮೂಲೆಯಲ್ಲಿ ಇಪ್ಪತ್ತಾರು ವರ್ಷ ತಳ್ಳುಗಾಡಿ ಇಟ್ಟುಕೊಂಡು ಎಮೊಲಿಯೆಂತೆ ಮಾರಿದವಳು ಅವಳು. ಬಾರ್ಲಿ, ಅಗಸೆ, ಗಿಡಮೂಲಿಕೆ ಕುದಿಸಿದ ಆ ಬಿಸಿ ಕಷಾಯ ಕುಡಿಯದೆ ಅಲ್ಲಿನ ವಕೀಲರು ಒಳಗೆ ಕಾಲಿಡುತ್ತಿರಲಿಲ್ಲ. ಈಗ ಗಾಡಿ ತಳ್ಳುವುದಿರಲಿ, ತಲೆ ಬಾಚಿಕೊಂಡರೂ ಏದುಸಿರು. ಆಸ್ಪತ್ರೆಗೆ ಸೇರಿದ ದಿನ ಉಸಿರು ಸಾಲದೆ, ನಾದಿನಿ ಕೇಳಿದ್ದಕ್ಕೆಲ್ಲ ತಾಯ್ನುಡಿ ಕೆಚುವಾದಲ್ಲೇ ಒಂದೊಂದು ಮಾತು ಆಡಿದ್ದಳು. ಗುಮಾಸ್ತ ‘ಭಾಷೆ: ಕೆಚುವಾ’ ಎಂದು ಬರೆದುಕೊಂಡ. ಅಲ್ಲಿಂದಾಚೆ ಆಕೆಗೆ ಸ್ಪ್ಯಾನಿಷ್ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಪುರಸಭೆಯ ಕಾವಲಿನವರ ಜೊತೆ ಅದೇ ಸ್ಪ್ಯಾನಿಷಿನಲ್ಲಿ ಜಗಳವಾಡಿ ಗಾಡಿ ಉಳಿಸಿಕೊಂಡವಳು ಸಾಬಿನಾ. ಆದರೆ ಯಾರೂ ಏನೂ ಕೇಳದ ಮೇಲೆ ಯಾರಿಗೆ ಹೇಳುವುದು?

ಮೊದಲ ವಾರ ಪ್ರೊಫೆಸರ್ ಉರ್ಮೆನೇತಾ ಹನ್ನೆರಡು ವಿದ್ಯಾರ್ಥಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. ನರೆತ ಗಡ್ಡ, ಗರಿಗರಿ ಬಿಳಿ ಕೋಟು. ಅವಳ ಅಂಗಿಯ ಗುಂಡಿಯನ್ನು ತಾವೇ ಬಿಚ್ಚಿ, ಮಗ್ಗುಲಿಗೆ ತಿರುಗಿಸಿ, ಎಡಗಡೆ ಎದೆಯ ಕೆಳಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟರು.

“ಬನ್ನಿ, ಕೇಳಿ. ಲಬ್ ಡಬ್ ಆದ್ಮೇಲೆ ದೂರದಲ್ಲಿ ಗಿರಣಿ ತಿರುಗಿದ ಹಾಗೆ ಒಂದು ಗುಡುಗುಡು. ಇಷ್ಟು ಚೆನ್ನಾಗಿ ಎಲ್ಲೂ ಸಿಗಲ್ಲ ನಿಮಗೆ.”

ಹನ್ನೆರಡು ಜನ ಸರದಿಯಲ್ಲಿ ಬಂದು ಕೇಳಿದರು. ಕೊಳವೆಯ ತುದಿ ತಣ್ಣಗೆ ಕೊರೆಯುತ್ತಿತ್ತು. ಕಲಿಯಲಿ, ನಾಳೆ ಯಾರದೋ ಜೀವ ಉಳಿಸುವವರಲ್ಲವೇ ಎಂದು ಸಾಬಿನಾ ಸುಮ್ಮನಿದ್ದಳು. ಮರುದಿನ ಇನ್ನೊಂದು ತಂಡ. ಆಮೇಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅಂಗಿ ಮುಚ್ಚಿ ಹೋಗುವ ವ್ಯವಧಾನವೂ ಕೆಲವರಿಗಿರಲಿಲ್ಲ. ಹೆಸರು ಕೇಳಿದವರು ಒಬ್ಬರೂ ಇಲ್ಲ. ಪ್ರೊಫೆಸರರ ಬಾಯಲ್ಲಿ ಅವಳು ‘ಮಾಮಿತಾ’. ಬೀದಿಯಲ್ಲಿ ಹಣ್ಣು ಮಾರುವ ಮುದುಕಿಯರನ್ನು ಕೂಗುವ ಹಾಗೆ. ಉಳಿದವರ ಬಾಯಲ್ಲಿ ‘ಹದಿನಾಲ್ಕು’.

ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ ಒಂದು ಮಂಗಳವಾರಕ್ಕೆ ಗೊತ್ತಾಗಿತ್ತು. ಆಪರೇಷನ್ ಥಿಯೇಟರ್ ಖಾಲಿಯಿಲ್ಲ ಎಂದು ಮುಂದೆ ಹಾಕಿದರು. ಮುಂದಿನ ಮಂಗಳವಾರ, ರಕ್ತ ಸಿಕ್ಕಿಲ್ಲ ಎಂದರು. ನಾದಿನಿಯ ಇಬ್ಬರು ಮಕ್ಕಳು ಬಂದು ರಕ್ತ ಕೊಟ್ಟು ಹೋಗಿ ನಾಲ್ಕು ದಿನವಾಗಿತ್ತು. ಆ ವಾರ ಊಟಕ್ಕೆಂದು ಎದ್ದು ಕೂತ ಸಾಬಿನಾಳಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಗಟ್ಟಿತು. ಕಿರಿಯ ವೈದ್ಯೆ ಸೊಟೇಲೊ ಓಡಿಬಂದು ಆಮ್ಲಜನಕ ಹಾಕಿ, ಚುಚ್ಚುಮದ್ದು ಕೊಟ್ಟು ಉಳಿಸಿದಳು.

ಮಾರನೆಯ ದಿನ ಅದೇ ಸೊಟೇಲೊ ಪ್ರೊಫೆಸರರ ಮುಂದೆ ನಿಂತಿದ್ದಳು. ಅವರ ಪಕ್ಕದಲ್ಲೇ ಸಾಬಿನಾ ಎಡಮಗ್ಗುಲಾಗಿ, ಬೆನ್ನು ಹಾಕಿ ಮಲಗಿದ್ದಳು; ಹದಿನೈದನೇ ಮಂಚದವಳನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರು.

“ಸಾರ್, ಈಕೆನ ಇನ್ನು ಕಾಯಿಸೋದು ಸರಿಯಲ್ಲ. ನಿನ್ನೆ ಹೋಗೇಬಿಡ್ತಿದ್ರು.”

“ಹನ್ನೆರಡನೇ ತಾರೀಕು ಫೈನಲ್ ಪರೀಕ್ಷೆ ಇದೆ. ಹೊರಗಿನ ಪರೀಕ್ಷಕರು ಬರ್ತಾರೆ. ಕವಾಟ ಬದಲಾಯಿಸಿದ್ರೆ ಆ ಸದ್ದು ಎಲ್ಲಿಂದ ತರ್ತೀಯಮ್ಮ? ಒಂಬತ್ತು ದಿನ ಮಾತ್ರೆ ಮೇಲೆ ಎಳೀರಿ.”

“ಮನೆಯವರಿಗೆ ಏನು ಹೇಳಲಿ?”

“ಏನೋ ಒಂದು ಹೇಳು. ಹಾಂ, ಹದಿನೈದನೇ ಮಂಚದ ಹೊಟ್ಟೆ ನೀರನ್ನೂ ಈಗ್ಲೇ ತೆಗೀಬೇಡಿ. ಪರೀಕ್ಷೆ ಮುಗೀಲಿ.”

ಸೊಟೇಲೊ ಮಂಚದ ಕಡೆ ಕಣ್ಣು ಹಾಯಿಸಿದಳು. “ಸಾರ್, ಮೆಲ್ಲಗೆ…”

“ಅವ್ಳಿಗೆಲ್ಲಿ ಅರ್ಥ ಆಗುತ್ತೆ, ಬಿಡು.”

ಸಾಬಿನಾಳ ಮೈಯೆಲ್ಲ ಉರಿದುಹೋಯಿತು. ತಿರುಗಿ ಮುಖಕ್ಕೆ ಹೇಳಿಬಿಡೋಣವೆಂದರೆ ಉಸಿರು ಬರಲಿಲ್ಲ. ಇಷ್ಟು ದಿನ ಥಿಯೇಟರಿಗೆ, ರಕ್ತಕ್ಕೆ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ತನ್ನ ಕಾಯಿಲೆಯನ್ನು ಕೆಡದ ಹಾಗೆ ಕಾಪಾಡಿಕೊಂಡು ಬರುತ್ತಿದ್ದಾರೆಂದು ಈಗ ಗೊತ್ತಾಯಿತು.

ಹದಿನೈದನೇ ಮಂಚದ ಎಉದೋಸಿಯಾ ಮೀನು ಮಾರುವವಳು, ಬಾಯಿ ಬಲು ಜೋರು. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿ, ಮಲಗಲೂ ಆಗದೆ ಕೂರಲೂ ಆಗದೆ ದಿಂಬಿಗೆ ಒರಗಿಕೊಂಡೇ ದಿನ ತಳ್ಳುತ್ತಿದ್ದಳು. ಅವಳು ಮಂಚಕ್ಕೆ ಮರಳಿದ ಮೇಲೆ ಸಾಬಿನಾ ತಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದಳು.

ಎಉದೋಸಿಯಾ ಕತ್ತು ಚಾಚಿ ಮಂಚದ ತುದಿಗೆ ತೂಗುಹಾಕಿದ್ದ ಚೀಟಿ ನೋಡಿದಳು. ಆಮೇಲೆ, “ಹಾಗಾದ್ರೆ ಚೀಟಿಗೆ ಹಸಿರು ಪಟ್ಟಿ ಅಂಟಿಸಿದ್ದು ಇದಕ್ಕಾ? ನಾನೇನೋ ಔಷಧದ ಗುರುತು ಅಂದ್ಕೊಂಡಿದ್ದೆ ಕಣಕ್ಕಾ. ನಿಮ್ಮ ಬೆಟ್ಟದ ಕಡೆ ಕುರಿ ಕಿವಿಗೆ ಬಣ್ಣದ ದಾರ ಪೋಣಿಸ್ತಾರಲ್ಲ, ಹಾಗಾಯ್ತು ನಮ್ಮ ಕತೆ,” ಎಂದಳು.

ವಾರ್ಡಿನಲ್ಲಿ ಹಸಿರು ಪಟ್ಟಿಯ ಮಂಚಗಳು ಆರು. ಸಾಬಿನಾ ಹೆಜ್ಜೆಗೊಮ್ಮೆ ನಿಂತು, ಮಂಚದ ಕಂಬಿ ಹಿಡಿದುಕೊಂಡು, ಎರಡು ದಿನದಲ್ಲಿ ಉಳಿದ ನಾಲ್ವರ ಹತ್ತಿರವೂ ಹೋಗಿ ಬಂದಳು. ಒಬ್ಬಳು ಅತ್ತಳು. ಇನ್ನೊಬ್ಬಳು, “ದೊಡ್ಡ ಡಾಕ್ಟ್ರು ಸಿಟ್ಟಾಗಿ ಹೊರಗೆ ಹಾಕಿದ್ರೆ?” ಎಂದಳು.

“ಹಾಕಲ್ಲ. ಹನ್ನೆರಡನೇ ತಾರೀಕಿನವರೆಗೆ ನಾವು ಅವರಿಗೆ ಬೇಕು,” ಎಂದಳು ಸಾಬಿನಾ.

ಪರೀಕ್ಷೆಯ ಬೆಳಿಗ್ಗೆ ಹಾಸಿಗೆಗೆಲ್ಲ ಹೊಸ ಬಟ್ಟೆ ಹಾಸಿದರು. ಅರೆಕೀಪಾ ನಗರದಿಂದ ಬಂದ ಪರೀಕ್ಷಕಿ, ಡಾಕ್ಟರ್ ಒಫೇಲಿಯಾ ಬೆದೋಯಾ, ಎಪ್ಪತ್ತರ ಹತ್ತಿರದ ಗಿಡ್ಡ ಹೆಂಗಸು, ಪ್ರೊಫೆಸರರ ಜೊತೆ ಒಳಗೆ ಬಂದರು. ಮೊದಲ ವಿದ್ಯಾರ್ಥಿ ಸಾಬಿನಾಳ ಅಂಗಿಗೆ ಕೈ ಹಾಕಿದ. ಅವಳು ಅವನ ಮಣಿಕಟ್ಟು ಹಿಡಿದಳು.

“ಬೇಡಪ್ಪಾ.”

ಅವನು ತಬ್ಬಿಬ್ಬಾಗಿ ಹಿಂದೆ ಸರಿದ. ಪ್ರೊಫೆಸರ್ ನಕ್ಕು ಪಕ್ಕದ ಮಂಚಕ್ಕೆ ಕರೆದೊಯ್ದರು. ಎಉದೋಸಿಯಾ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು. ಮುಂದಿನ ನಾಲ್ಕು ಮಂಚಗಳಲ್ಲೂ ಅದೇ.

“ಬೆಟ್ಟದ ಜನ ಮೇಡಂ, ಸ್ವಲ್ಪ ನಾಚಿಕೆ ಜಾಸ್ತಿ,” ಎಂದರು ಪ್ರೊಫೆಸರ್. “ಭಾಷೆ ಬೇರೆ ಬರಲ್ಲ.”

“ಬರುತ್ತೆ,” ಎಂದಳು ಸಾಬಿನಾ ಸ್ಪ್ಯಾನಿಷಿನಲ್ಲಿ.

ಎಲ್ಲರೂ ಹದಿನಾಲ್ಕನೇ ಮಂಚದ ಕಡೆ ತಿರುಗಿದರು. ಅವಳು ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ, ಪರೀಕ್ಷಕಿಯನ್ನೇ ನೋಡುತ್ತ ಹೇಳಿದಳು.

“ಡಾಕ್ಟ್ರಮ್ಮಾ, ನನ್ನ ಹೆಸರು ಸಾಬಿನಾ ವಿಲ್ಕಾ. ಹೃದಯದ ಕವಾಟ ಕಿರಿದಾಗಿದೆ ನನಗೆ. ಎಡಕ್ಕೆ ತಿರುಗಿದ್ರೆ ಗುಡುಗುಡು ಅನ್ನುತ್ತೆ. ಇವರು ಹೇಳಿದ್ದು ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ. ಎರಡು ಸಲ ಆಪರೇಷನ್ ಗೊತ್ತು ಮಾಡಿ ಎರಡು ಸಲ ನಿಲ್ಲಿಸಿದ್ರು. ರಕ್ತ ಇಲ್ಲ ಅಂದ್ರು. ಇತ್ತು. ಈ ಸದ್ದು ಇವತ್ತಿನ ಪರೀಕ್ಷೆಗೆ ಬೇಕು ಅಂತ ತಡೆದಿಟ್ಟಿದ್ರು. ಇಲ್ಲಿ ಪಕ್ಕದಲ್ಲಿದ್ದಾಳಲ್ಲ, ಇವಳ ಹೊಟ್ಟೆ ನೀರೂ ಅದಕ್ಕೇ ತೆಗೆದಿಲ್ಲ. ಕಲೀಬೇಡಿ ಅಂತ ನಾವು ಯಾವತ್ತೂ ಅಂದಿಲ್ಲ. ನೀವು ಕಲೀಲಿ ಅಂತ ನಾವು ಸಾಯಬೇಕಾ?”

“ಏನೋ ತಪ್ಪು ತಿಳ್ಕೊಂಡಿದ್ದಾಳೆ,” ಎಂದರು ಪ್ರೊಫೆಸರ್. ಮುಖ ಕೆಂಪಾಗಿತ್ತು.

ಬೆದೋಯಾ ಮಂಚದ ತುದಿಯಲ್ಲಿದ್ದ ಚೀಟಿಗಳನ್ನು ಎತ್ತಿಕೊಂಡು ಒಂದೊಂದೇ ಹಾಳೆ ತಿರುವಿದರು. ಆಮೇಲೆ ಸೊಟೇಲೊಳನ್ನು ಕೇಳಿದರು: “ನಿಜವೇನಮ್ಮ?”

ಸೊಟೇಲೊ ಪ್ರೊಫೆಸರರ ಕಡೆ ನೋಡಲಿಲ್ಲ. “ನಿಜ ಮೇಡಂ. ರಕ್ತ ಹದಿನೇಳು ದಿನದಿಂದ ಇದೆ. ಇವರಿಗೆ ಸುಳ್ಳು ಹೇಳಿದವಳು ನಾನೇ.”

“ಪರೀಕ್ಷೆ ನಿಲ್ಲಿಸಿ,” ಎಂದರು ಬೆದೋಯಾ. “ಈ ಪರೀಕ್ಷೆಯ ಹಾಳೆಗೆ ನಾನು ಸಹಿ ಹಾಕಲ್ಲ.” ಸಾಬಿನಾಳ ಕಡೆ ತಿರುಗಿ, “ನಾವೂ ಹೀಗೇ ಕಲಿತವರು ತಾಯೀ. ನಾಚಿಕೆ ಆಗುತ್ತೆ,” ಎಂದರು. ಆಗಲಿ ಬಿಡಿ ಎನ್ನುವಷ್ಟು ದೊಡ್ಡ ಮನಸ್ಸು ಸಾಬಿನಾಳಿಗೆ ಆ ಹೊತ್ತಿನಲ್ಲಿ ಇರಲಿಲ್ಲ. ಅವಳು ಮುಖ ತಿರುಗಿಸಿಕೊಂಡಳು.

ಅದೇ ಮಧ್ಯಾಹ್ನ ಎಉದೋಸಿಯಾಳ ಹೊಟ್ಟೆಯಿಂದ ಆರು ಲೀಟರ್ ನೀರು ತೆಗೆದರು. ಎಷ್ಟೋ ದಿನದ ಮೇಲೆ ಅವಳು ಮಗ್ಗುಲಾಗಿ ಮಲಗಿ ಗೊರಕೆ ಹೊಡೆದಳು. ಎರಡು ದಿನ ಬಿಟ್ಟು ಸಾಬಿನಾಳ ಶಸ್ತ್ರಚಿಕಿತ್ಸೆಯಾಯಿತು. ಹಾಳಾದ ಕವಾಟ ತೆಗೆದು ಹೊಸದು ಕೂರಿಸಿದ ಸರ್ಜನ್ ಕೂಡ ಅದೇ ಆಸ್ಪತ್ರೆಯಲ್ಲಿ ಕಲಿತವನು. ಕೈ ಬಲು ಚೆನ್ನಾಗಿತ್ತು. ಹತ್ತನೇ ದಿನ ಅವಳು ಕಂಬಿ ಹಿಡಿಯದೆ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದಳು.

ಮನೆಗೆ ಹೋಗುವ ದಿನ ಬಾಗಿಲ ಬಳಿಯ ಮೇಜಿಗೆ ಹೋಗಿ ದೂರಿನ ಪುಸ್ತಕ ಕೇಳಿದಳು. ಕೇಳಿದವರಿಗೆ ಅದನ್ನು ಕೊಡಲೇಬೇಕೆಂದು ನ್ಯಾಯಾಲಯದ ವಕೀಲರ ಮಾತಿನಲ್ಲೇ ತಿಳಿದುಕೊಂಡಿದ್ದಳು.

“ವಾಸಿಯಾಗಿ ಹೋಗ್ತಿದ್ದೀರಲ್ಲಮ್ಮ, ಇನ್ನೇನು ದೂರು?” ಎಂದ ಗುಮಾಸ್ತ.

“ಪುಸ್ತಕ ಕೊಡು.”

ಅರ್ಧ ಗಂಟೆ ಕೂತು, ಅಕ್ಷರ ಕೂಡಿಸಿ ಕೂಡಿಸಿ, ಆರು ಜನರ ಹೆಸರೂ ಹಾಕಿ ಬರೆದಳು.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದಿತ್ತು. ಉರ್ಮೆನೇತಾರಿಗೆ ಎಚ್ಚರಿಕೆಯ ಪತ್ರ ಕೊಟ್ಟಿದ್ದಾರಂತೆ; ಕುರ್ಚಿ ಹೋಗಲಿಲ್ಲ, ಪಾಠವೂ ನಿಲ್ಲಲಿಲ್ಲ. ಸೊಟೇಲೊಳನ್ನು ಮಾತ್ರ ಊರಾಚೆಯ ಚಿಕ್ಕ ಆಸ್ಪತ್ರೆಗೆ ಹಾಕಿದ್ದರು.

ಸಾಬಿನಾ ಆ ಕಾಗದವನ್ನು ಗಾಡಿಯ ಹತ್ತಿರ ಎರಡು ಸಲ ಓದಿದಳು. ಗಿರಾಕಿ ವಕೀಲರೊಬ್ಬರು ಲೋಟ ಹಿಡಿದುಕೊಂಡು, “ಉತ್ತರ ಬಂತಲ್ಲ ಸಾಬಿನಮ್ಮಾ, ಇನ್ನು ಬಿಟ್ಟುಬಿಡಿ,” ಎಂದರು.

“ಇದು ಉತ್ತರವಾ ಸಾರ್? ಕಾಲು ತುಳಿದವರು ಹೇಳೋ ಮಾತಿದು. ಆ ಹುಡುಗಿ ನಿಜ ಹೇಳಿದ್ದಕ್ಕೆ ಅವಳನ್ನ ಯಾಕೆ ಅಟ್ಟಿದ್ರು, ಅದನ್ನ ಹೇಳಲಿ.” ಅವರ ಲೋಟಕ್ಕೆ ಕಷಾಯ ತುಂಬಿಸಿ, ಕೈ ಒರೆಸಿಕೊಂಡು, ಕಾಗದ ಅವರ ಮುಂದೆ ಇಟ್ಟಳು. “ಇದಕ್ಕೂ ಮೇಲಿನ ಕಚೇರಿ ಯಾವುದು ಹೇಳಿ. ಕುಡಿದಾದ ಮೇಲೆ ನೀವೇ ಅರ್ಜಿ ಬರ್ಕೊಡಿ.”