ಬೆಚ್ಚಗಿನ ಡ್ರಮ್ಮು

“ಅಣ್ಣಾ, ಇಲ್ಲಿ ಬಂದು ಒರಗಿ ನೋಡು. ಶಾಖ ಕೊಟ್ಟ ಹಾಗಿದೆ, ಎಷ್ಟು ಹಾಯಾಗಿದೆ ಗೊತ್ತಾ!”

ಗೋದಾಮಿನ ಮೂಲೆಯಲ್ಲಿ ನೀಲಿ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತಿದ್ದ ತಂಗಿ ಊಟದ ಡಬ್ಬಿ ಬಿಚ್ಚುತ್ತ ಕರೆದಳು. ಪಕ್ಕದ ಶೆಡ್ಡಿನಲ್ಲಿ ದಿನವಿಡೀ ಬಗ್ಗಿ ಬಾಟಲಿ ತುಂಬುವವಳು, ಸೊಂಟನೋವು ತಪ್ಪಿದ್ದಲ್ಲ. ಮಧ್ಯಾಹ್ನದ ಊಟ ಮಾತ್ರ ಅಣ್ಣನ ಜೊತೆ, ಅವನ ಗೋದಾಮಿನಲ್ಲೇ. ಇಲ್ಲಿ ಊಟ ಮಾಡಬಾರದು ಅಂತ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಲು ಯಾರಿಗೆ ಪುರುಸೊತ್ತು!

ಬಾಗಿಲ ಬಳಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಅಣ್ಣ ನಕ್ಕ. “ಬಿಸಿಲು ಬಿದ್ದಿರಬೇಕು ಬಿಡೇ.”

“ಈ ಮೂಲೇಲಿ ಕಿಟಕೀನೇ ಇಲ್ಲ. ಬಿಸಿಲಂತೆ, ನಿನ್ನ ತಲೆ!”

ಅವನ ಕೈ ನಿಂತಿತು. ನೀರು ಸುರಿಯುತ್ತಲೇ ಇತ್ತು.

ಅಲ್ಲಿ ಎಲ್ಲರಿಗೂ ಅವನು ಮೂಗಣ್ಣ. ರಾಸಾಯನಿಕದ ಹೆಸರಿನ ಚೀಟಿ ಕಿತ್ತುಹೋದ ಡ್ರಮ್ಮು ಬಂದರೆ ಮ್ಯಾನೇಜರೂ ಇವನನ್ನೇ ಕರೆಯಬೇಕು. ಮುಚ್ಚಳ ಸಡಿಲಿಸಿ, ಅಂಗೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡು, ಇದು ಇಂಥದ್ದೇ ಅಂತ ಹೇಳಿಬಿಡುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಆ ಜಂಬವೇ ಅವನನ್ನು ಹಾಳುಮಾಡಿದ್ದು ನೋಡಿ. ಅವತ್ತು ಬೆಳಿಗ್ಗೆ ಜಾಗ ಸಾಲದೆ, ಅರ್ಧರ್ಧ ಇದ್ದ ಎರಡು ಡ್ರಮ್ಮುಗಳನ್ನು ಒಂದಕ್ಕೆ ಸುರಿಯಬೇಕಾಗಿತ್ತು. ಒಂದರ ಮೇಲೆ ಚೀಟಿ ಇರಲಿಲ್ಲ. ಇವನಿಗೋ ಎರಡು ದಿನದಿಂದ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ಸುತ್ತ ಆಳುಗಳು ಕಾಯುತ್ತಿದ್ದರು. ವಾಸನೆ ಬರುತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಬಗ್ಗಿ ಮೂಸಿದಂತೆ ಮಾಡಿ, “ಎರಡೂ ಒಂದೇ, ಸುರಿದುಬಿಡಿ” ಅಂದಿದ್ದ. ಮುಚ್ಚಳವನ್ನು ತಾನೇ ಕೈಯಾರೆ ಬಿಗಿದಿದ್ದ.

ತಂಗಿ ಒರಗಿದ್ದು ಅದೇ ಡ್ರಮ್ಮಿಗೆ. ಅದರ ಹೊಟ್ಟೆ ಉಬ್ಬಿಕೊಂಡಿತ್ತು.

“ಎದ್ದೇಳು.”

“ಈಗ ತಾನೇ ಕೂತೆ ಕಣೋ...”

“ಎದ್ದೇಳೇ ಅಂದ್ರೆ!”

ಅವಳು ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು. ಒಂದೇ ನೆಗೆತಕ್ಕೆ ಹೋಗಿ ರಟ್ಟೆ ಹಿಡಿದು ಎಳೆದ. ಡಬ್ಬಿ ಉರುಳಿತು. “ಹೊರಗೆ! ಎಲ್ಲಾ ಹೊರಗೆ ಓಡ್ರೋ!” ಅಂತ ಕಿರುಚುತ್ತ ಅವಳನ್ನು ಹೆಚ್ಚುಕಮ್ಮಿ ಹೊತ್ತೇ ಓಡಿದ. ಗೇಟು ದಾಟುವಷ್ಟರಲ್ಲಿ ಬೆನ್ನ ಹಿಂದೆ ಢಮ್ ಅಂತು. ನೆಲ ನಡುಗಿತು. ಚಾವಣಿಯ ತಗಡು ಹಾರಿ ಅಂಗಳಕ್ಕೆ ಬಿತ್ತು, ಹಳದಿ ಹೊಗೆ ಮೇಲೆದ್ದಿತು.

ರಸ್ತೆಯ ಆಚೆ ಎಲ್ಲರೂ ಇದ್ದರು. ಮ್ಯಾನೇಜರು ಓಡಿಬಂದು ಇವನ ಎರಡೂ ಕೈ ಹಿಡಿದುಕೊಂಡರು. “ಮೂಗಣ್ಣಾ, ನಿನ್ನ ಮೂಗೇ ಇವತ್ತು ಇಷ್ಟು ಜನಾನ ಉಳಿಸ್ತು!”

ಆಳುಗಳು ಹೂಂಗುಟ್ಟಿದರು. ಒಬ್ಬ ಬೆನ್ನು ತಟ್ಟಿದ. ಸುಮ್ಮನಿದ್ದರೆ ಆಗಿಹೋಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ತಂಗಿ ಮಾತ್ರ ಇವನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ ಸಾರ್,” ಅಂದ. “ನನಗೆ ಎರಡು ದಿನದಿಂದ ವಾಸನೇನೇ ಬರ್ತಿಲ್ಲ. ಬೆಳಿಗ್ಗೆ ಸುಳ್ಳು ಹೇಳ್ದೆ.”

ಮ್ಯಾನೇಜರ ಕೈ ಮೆಲ್ಲಗೆ ಸಡಿಲವಾಯಿತು.

ಅವನು ತಂಗಿಯ ಪಕ್ಕ ಕುಸಿದು ಕೂತು, ಅವಳ ಬೆನ್ನಿನ ಮೇಲೆ ಕೈಯಿಟ್ಟ. ಅವಳ ಕೆಲಸದ ಕೋಟು ಇನ್ನೂ ಬೆಚ್ಚಗಿತ್ತು.