ಹಿಕರಿ ಎಲೆಗಳನ್ನು ಸುಟ್ಟದ್ದು

ಮೇಷ್ಟ್ರು ಬಂದಾಗ ನಾನು ಮೂರನೆಯ ಗುಡ್ಡೆಗೆ ಬೆಂಕಿ ಇಟ್ಟಿದ್ದೆ. ಅಕ್ಟೋಬರಿನಲ್ಲಿ ನಮ್ಮ ಇಂಡಿಯಾನಾದ ಊರುಗಳಲ್ಲಿ ಎಲ್ಲರೂ ಎಲೆ ಸುಡುತ್ತಾರೆ. ಯಾರೂ ಯಾಕೆಂದು ಕೇಳುವುದಿಲ್ಲ.

ಅಂಗಿ ಗುಂಡಿ ಮಾಡುವ ಕಾರ್ಖಾನೆಯ ಕೆಲಸ ಮುಗಿಸಿ ನಾನು ಹೋಗುತ್ತಿದ್ದ ಸಂಜೆ ತರಗತಿಯಲ್ಲಿ ಕೀಟಗಳ ಪಾಠ ಹೇಳಿದವರು ಈ ಎಲ್ಸ್‌ವರ್ತ್ ಮೇಷ್ಟ್ರು. ನನ್ನ ಹಿತ್ತಿಲ ಹಿಕರಿ ಮರದ ಎಲೆಗಳ ಅಡಿಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ, ತುದಿ ಚೂಪಾದ ಗಂಟುಗಳಾಗುತ್ತವೆ. ಒಂದೊಂದರೊಳಗೂ ಒಂದು ನುಸಿಯ ಮರಿ. ಅಂಥ ಗಂಟು ಬೇರೆ ಯಾವ ಮರದಲ್ಲೂ ನನಗೆ ಸಿಕ್ಕಿರಲಿಲ್ಲ. ಒಂಬತ್ತು ವರ್ಷ ನೋಡಿ, ಚಿತ್ರ ಬರೆದು, ತಪ್ಪಿದ್ದರೆ ತಿದ್ದಲಿ ಎಂದು ಅವರಿಗೆ ಕೊಟ್ಟೆ. ಅವರು ಹೊಸ ಜಾತಿಯೆಂದು ಅಚ್ಚು ಹಾಕಿಸಿದರು. ಚಿತ್ರಗಳು ನನ್ನವು, ಹೆಸರು ಅವರೊಬ್ಬರದೇ.

ಅದು ಹೊಸ ಜಾತಿಯೆಂದು ಮ್ಯೂಸಿಯಂನವರು ನಂಬದೆ, ಸಾಕ್ಷಿಗೆ ಹೊಸ ಗಂಟುಗಳನ್ನು ಕೇಳಿದ್ದಾರೆಂದು ಅವರ ಹೆಂಡತಿಯೇ ಚರ್ಚಿನಲ್ಲಿ ಹೇಳಿದ್ದಳು. ಅಂದಿನಿಂದ ಮೂರು ದಿನ ನಾನು ಎಲೆ ಬಾಚಿದೆ. ರಸ್ತೆಯಾಚೆ ಹಾರಿದವನ್ನೂ ಹೆಕ್ಕಿ ತಂದೆ.

"ವರ್ನಾ, ಆ ಗಂಟು ಸಿಕ್ಕಿದ್ದು ಎಲ್ಲಿನ ಮರದಲ್ಲಿ ಅಂತ ನೀನು ಹೇಳಲೇ ಇಲ್ವಲ್ಲಮ್ಮ?"

"ನೀವು ಕೇಳಲೇ ಇಲ್ವಲ್ಲ ಮೇಷ್ಟ್ರೇ."

ಅವರು ಬೆಂಕಿಗೆ ಕೈಯೊಡ್ಡಿ ನಕ್ಕರು. "ಏನು ಚಟಪಟ ಅಂತಿದೆ! ಜೋಳ ಹುರೀತಿದೀಯಾ?"

ಪೈಪು ಹಚ್ಚಿಕೊಳ್ಳಲೆಂದು, ಇನ್ನೂ ಸುಡದೆ ಉಳಿದಿದ್ದ ಕೊನೆಯ ಗುಡ್ಡೆಯಿಂದ ಒಂದು ಎಲೆ ತೆಗೆದರು. ಅದು ಮಗುಚಿಕೊಂಡು ಅಡಿಯ ಗಂಟುಗಳು ಕಂಡವು. ಅವರ ಮುಖ ಬಿಳಿಚಿತು.

"ಅಯ್ಯೋ, ನಿಲ್ಸು! ಇವೇ ಅಲ್ವೇನೇ!"

"ಹೌದು, ಇವೇ."

"ನಿನ್ನ ಹೆಸರು ಅವಸರದಲ್ಲಿ ಬಿಟ್ಟುಹೋಯ್ತು ಕಣಮ್ಮ."

"ಚಿತ್ರ ಮಾತ್ರ ಬಿಟ್ಟುಹೋಗ್ಲಿಲ್ವಲ್ಲ ಮೇಷ್ಟ್ರೇ."

"ನಿನ್ನ ಹೆಸರೇ ಮೊದಲು ಹಾಕಿಸ್ತೀನಿ. ದೇವರಾಣೆ!"

ನನಗೆ ಬೇಕಾಗಿದ್ದದ್ದು ಅಷ್ಟೇ. ಕೋಲನ್ನು ನೆಲಕ್ಕೆ ಊರಿ ನಿಂತೆ. ನುಸಿಗಳು ನನಗೇನು ಅನ್ಯಾಯ ಮಾಡಿದ್ದವು? ಆದರೆ ಆ ಮಾತು ಅವರ ಬಾಯಿಂದ ಬಂದದ್ದು ಬೆಂಕಿ ಕಂಡ ಮೇಲೆ. ಗುಡ್ಡೆಯನ್ನು ಬೆಂಕಿಗೆ ತಳ್ಳಿದೆ.

ಅವರು ಮೊಣಕಾಲೂರಿ, ಸುಡದೆ ಉಳಿದ ಎಲೆಗಳನ್ನು ಹೆಕ್ಕಿ ಟೋಪಿಗೆ ತುಂಬತೊಡಗಿದರು. ಒಂದು ಬೊಗಸೆಯಷ್ಟಾಯಿತು. ನಾನು ಟೋಪಿಯನ್ನು ಅವರ ಕೈಯಿಂದ ಕಿತ್ತುಕೊಂಡು ಉರಿಯ ಮೇಲೆ ಕೊಡವಿದೆ. ಅಂಚಿಗೆ ಅಂಟಿದ್ದ ಒಂದು ಗಂಟನ್ನೂ ಉಗುರಿನಿಂದ ಕಿತ್ತು ಹಾಕಿದೆ.

ಟೋಪಿ ಅವರದು. ಅದನ್ನು ಅವರಿಗೇ ವಾಪಸು ಕೊಟ್ಟೆ.